ಕಾಯಕಕ್ಕೂ ಒಂದು ಮೇರೆ

ಶಿವಶರಣರು ಲೋಕಕ್ಕಿತ್ತ ಮಹಾತತ್ತ್ವಗಳಲ್ಲಿ ಕಾಯಕವು ಅಗ್ರಗಣ್ಯವಾದುದು. ದುಡಿಯದೆ ಉಣ್ಣುವವನು ಯಾವ ಪದವಿಯಲ್ಲಿದ್ದರೂ ಋಣಿಯೇ ಸರಿ ಎಂಬುದು ಅವರ ನಿಶ್ಚಿತವಾದ ಅಭಿಪ್ರಾಯವು. ಒಕ್ಕಲಿಗನ ನೇಗಿಲು, ಮಡಿವಾಳನ ಬಂಡೆ, ಅಂಬಿಗನ ಹುಟ್ಟು, ನೇಕಾರನ ಲಾಳಿ, ಇವೆಲ್ಲವೂ ಅವರ ದೃಷ್ಟಿಯಲ್ಲಿ ಪೂಜಾಸಾಮಗ್ರಿಗಳೇ ಆದವು. ಆದರೆ ತತ್ತ್ವವು ಎಷ್ಟು ದೊಡ್ಡದಾದರೂ ಅದರ ಅರ್ಧವನ್ನು ಹಿಡಿದು ಅರ್ಧವನ್ನು ಬಿಟ್ಟಲ್ಲಿ ಔಷಧವೇ ಅಪಥ್ಯವಾಗಿ ಪರಿಣಮಿಸುವುದುಂಟು. “ದುಡಿಮೆಯೇ ಪೂಜೆಯಾದ ಮೇಲೆ ಎಷ್ಟು ಹೆಚ್ಚು ದುಡಿದರೆ ಅಷ್ಟು ಹೆಚ್ಚು ಪುಣ್ಯವಲ್ಲವೇ? ರವಿವಾರವೆಂದು ಮನೆಯಲ್ಲಿ ಕುಳಿತಿರುವುದೇತಕ್ಕೆ? ನಾಲ್ಕು ಕಾಸು ಹೆಚ್ಚು ಬಂದರೆ ಹೆಂಡಿರುಮಕ್ಕಳಿಗೇ ತಾನೆ?” ಎಂದು ಕೇಳುವ ಗೃಹಸ್ಥರು ಈ ಕಾಲದಲ್ಲಿ ಬಹುಮಂದಿ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿ ಪ್ರಾಮಾಣಿಕತೆಯುಂಟು, ಕುಟುಂಬದ ಮೇಲಿನ ಮಮತೆಯುಂಟು. ಆದುದರಿಂದ ಅದಕ್ಕೆ ಉತ್ತರವನ್ನು ಶರಣಚರಿತೆಯಲ್ಲಿಯೇ ಅರಸುವುದು ಯುಕ್ತವಾದುದು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದ ಭಕ್ತರಿಲ್ಲ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಇವರದು ಅಕ್ಕಿಯನ್ನು ಆಯುವ ಕಾಯಕ. ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಮಾರಯ್ಯನು ದಿನವೂ ಆಯ್ದು ತರುವನು. ಲಕ್ಕಮ್ಮನು ಅದನ್ನು ಅಡಿಗೆ ಮಾಡಿ ಜಂಗಮದಾಸೋಹವನ್ನು ನಡೆಸುವಳು. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗವು ವಿಸ್ತಾರವಾಗಿ ಬಂದಿದೆ. ಒಂದು ದಿನ ಮಾರಯ್ಯನು ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತಿರಲು, ಲಕ್ಕಮ್ಮನು ಬಂದು ಕಾಯಕದ ಹೊತ್ತು ಮೀರುತ್ತಿರುವುದನ್ನು ನೆನಪಿಗೆ ತಂದಳು. ಅವನು ಎಚ್ಚತ್ತು ಹೋಗಿ ಅಕ್ಕಿಯನ್ನು ಆಯ್ದು ತಂದನು. ಆದರೆ ಅಂದು ತಂದ ಅಕ್ಕಿ ನಿತ್ಯಕ್ಕಿಂತ ಹೆಚ್ಚಾಗಿತ್ತು. ಲಕ್ಕಮ್ಮನು ಅದನ್ನು ನೋಡಿ ಹಿಗ್ಗಲಿಲ್ಲ. ಈ ಹೆಚ್ಚಳವು ಎಲ್ಲಿಂದ ಬಂದಿತು, ಯಾರ ಮನಸ್ಸಿನಿಂದ ಬಂದಿತು ಎಂದು ವಿಚಾರಿಸಿದಳು. ದಿನದ ದಾಸೋಹಕ್ಕೆ ಸಲ್ಲುವಷ್ಟನ್ನು ಉಳಿಸಿಕೊಂಡು, ಮಿಕ್ಕುದನ್ನು ಅದು ಬಿದ್ದಿದ್ದ ಸ್ಥಳದಲ್ಲಿಯೇ ಚೆಲ್ಲಿ ಬರುವಂತೆ ಪತಿಯನ್ನು ಮರಳಿ ಕಳುಹಿಸಿದಳು.

ಈ ಕಥೆಯಲ್ಲಿ ಸಾಮಾನ್ಯವಾಗಿ ಎಲ್ಲರೂ ನೆನೆಯುವುದು ಹಿಂದಿರುಗಿಸಿದ ಅಕ್ಕಿಯನ್ನು. ಆದರೆ ಗಂಡನನ್ನು ಕಾಯಕಕ್ಕೆ ಎಬ್ಬಿಸಿದವಳೂ ಅವಳೇ, ಹೆಚ್ಚಿನದನ್ನು ತಂದಾಗ ತಡೆದವಳೂ ಅವಳೇ ಎಂಬುದನ್ನು ಇಲ್ಲಿ ಸೂಕ್ಷ್ಮವಾಗಿ ಗಮನಿಸತಕ್ಕದ್ದು. ಸತ್ಸಂಗದ ನೆಪದಿಂದಲೂ ದುಡಿಮೆಯನ್ನು ಬಿಡಲಾಗದು. ದುಡಿಮೆಯ ನೆಪದಿಂದಲೂ ಮೇರೆಯನ್ನು ದಾಟಲಾಗದು. ಆಲಸ್ಯ ಮತ್ತು ಅತ್ಯಾಸೆ ಎಂಬ ಎರಡು ಕಡೆಯ ಕಂದಕಗಳ ನಡುವೆ ಕಾಯಕದ ದಾರಿಯು ಸಾಗುತ್ತದೆ. ಮತ್ತೊಂದು ಸಂಗತಿ: ಆ ಮೇರೆ ಯಾವುದೆಂಬುದನ್ನು ಮಾರಯ್ಯನೊಬ್ಬನೇ ನಿರ್ಣಯಿಸಲಿಲ್ಲ. ಮನೆಯ ಒಳಗಿನ ಅಳತೆಯನ್ನು ಬಲ್ಲವಳು ಲಕ್ಕಮ್ಮ. ಎಷ್ಟು ಅಕ್ಕಿಗೆ ಎಷ್ಟು ಎಲೆ ಏಳುತ್ತವೆಂಬುದು ಅವಳಿಗೆ ಗೊತ್ತು. ಆದುದರಿಂದ ಅವಳ ಮಾತು ನಡೆಯಿತು.

ಈಗ ಇಂದಿನ ಗೃಹಸ್ಥನ ಮನೆಗೆ ಬರೋಣ. ಪಟ್ಟಣವೊಂದರಲ್ಲಿ ಗುಮಾಸ್ತನಾಗಿರುವ ಒಬ್ಬ ಸದ್ಭಕ್ತನಿರುವನೆಂದು ಭಾವಿಸುವುದು. ಅವನಿಗೆ ತಿಂಗಳಿಗೆ ೧೮,೦೦೦ ರೂಪಾಯಿ ಸಂಬಳ. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವೃದ್ಧಳಾದ ತಾಯಿ. ಬಾಡಿಗೆಗೆ ೪,೫೦೦, ದಿನಸಿ ಹಾಲು ಕಾಯಿಪಲ್ಯಗಳಿಗೆ ೫,೫೦೦, ಮಕ್ಕಳ ಶಾಲೆಗೆ ೨,೫೦೦, ದೀಪ ಮತ್ತು ಅನಿಲಕ್ಕೆ ೧,೫೦೦, ತಾಯಿಯ ಔಷಧಕ್ಕೆ ೧,೨೦೦, ಓಡಾಟಕ್ಕೆ ೧,೨೦೦, ಸೊಸೈಟಿಯ ಸಾಲದ ಕಂತಿಗೆ ೩,೦೦೦. ಒಟ್ಟು ವೆಚ್ಚ ೧೯,೪೦೦ ರೂಪಾಯಿ. ತಿಂಗಳಿಗೆ ೧,೪೦೦ರ ಕೊರತೆ. ಇಂತಹ ಸಮಯದಲ್ಲಿ ಪೇಟೆಯ ವರ್ತಕನೊಬ್ಬನು, ರವಿವಾರಗಳಂದು ಬಂದು ತನ್ನ ಅಂಗಡಿಯ ಲೆಕ್ಕ ಬರೆದುಕೊಟ್ಟರೆ ದಿನಕ್ಕೆ ೮೦೦ ರೂಪಾಯಿ ಕೊಡುವೆನೆನ್ನುತ್ತಾನೆ. ನಾಲ್ಕು ರವಿವಾರಗಳಿಗೆ ೩,೨೦೦. ಗುಮಾಸ್ತನಿಗೆ ಇದು ಶಿವನೇ ತೋರಿದ ದಾರಿಯೆಂದು ಎನಿಸುವುದರಲ್ಲಿ ಆಶ್ಚರ್ಯವೇನಿದೆ?

ಆದರೆ ಲಕ್ಕಮ್ಮನ ಕಣ್ಣಿನಿಂದ ಈ ಲೆಕ್ಕವನ್ನು ನೋಡತಕ್ಕದ್ದು. ಹೋಗಿಬರುವ ಬಸ್ಸಿಗೂ ಮಧ್ಯಾಹ್ನದ ಊಟಕ್ಕೂ ನೂರು ರೂಪಾಯಿ ಕಳೆದರೆ, ರವಿವಾರವೊಂದಕ್ಕೆ ಮನೆಗೆ ಬರುವುದು ೭೦೦. ಎರಡು ರವಿವಾರಗಳಿಗೆ ೧,೪೦೦. ಕೊರತೆ ಅಲ್ಲಿಗೆ ತುಂಬಿತು. ಇನ್ನುಳಿದ ಎರಡು ರವಿವಾರಗಳಿಂದಲೂ ೧,೪೦೦ ಬರುತ್ತದೆ, ದಿಟ. ಆದರೆ ಅದರ ಎದುರಿಗೆ ಬರೆಯಬೇಕಾದ ಖರ್ಚನ್ನು ಯಾರೂ ಬರೆಯುವುದಿಲ್ಲ. ತಂದೆಯ ಬಳಿ ಕುಳಿತು ಗಣಿತವನ್ನು ಕಲಿಯುತ್ತಿದ್ದ ಮಗನಿಗೆ ಈಗ ಮನೆಪಾಠ, ಅದಕ್ಕೆ ೬೦೦. ಗಂಡಹೆಂಡಿರು ಜತೆಯಾಗಿ ಸಂತೆಗೆ ಹೋಗಿ ವಾರಕ್ಕಾಗುವಷ್ಟು ಕಾಯಿಪಲ್ಯ ತರುತ್ತಿದ್ದುದು ನಿಂತು, ದಿನವೂ ಬೀದಿಯ ಅಂಗಡಿಯಲ್ಲಿ ಕೊಳ್ಳುವುದರಿಂದ ೩೦೦. ವಾರವೆಲ್ಲ ಮುಖ ತೋರದ ತಂದೆಯು ಮಕ್ಕಳ ಮುನಿಸನ್ನು ತೀರಿಸಲು ತರುವ ತಿಂಡಿ ಆಟಿಕೆಗಳಿಗೆ ೨೦೦. ಒಟ್ಟು ೧,೧೦೦. ಕೊನೆಗೆ ಕೈಯಲ್ಲಿ ಉಳಿದುದು ೩೦೦ ರೂಪಾಯಿ. ಎರಡು ಪೂರ್ಣ ದಿನಗಳನ್ನು ಮಾರಿ ಆ ಮನೆಯು ಪಡೆದುದು ಇಷ್ಟೇ. ಬೇರೆ ಮನೆಗಳಲ್ಲಿ ಅಂಕಿಗಳು ಬೇರೆಯಾಗಬಹುದು; ಲೆಕ್ಕದ ಎರಡು ಪಕ್ಕಗಳನ್ನೂ ಬರೆಯಬೇಕೆಂಬ ನಿಯಮ ಮಾತ್ರ ಬೇರೆಯಾಗುವುದಿಲ್ಲ. ಬಿಜ್ಜಳನ ಆಸ್ಥಾನದಲ್ಲಿ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಅನುಯಾಯಿಗಳಿಗೆ ಜಮಾಖರ್ಚಿನ ವಿಷಯವು ಕೀಳೆಂದು ತೋರಬೇಕಾದುದಿಲ್ಲ. ಶುದ್ಧವಾದ ಲೆಕ್ಕವೂ ಶಿವಾಚಾರವೇ.

ಇದಕ್ಕಿಂತಲೂ ದೊಡ್ಡ ಅಪಾಯವು ಮುಂದೆ ಬರುತ್ತದೆ. ಆ ಸೊಸೈಟಿಯ ಸಾಲವು ಹದಿನಾಲ್ಕು ತಿಂಗಳಲ್ಲಿ ತೀರುವುದೆಂದು ಇಟ್ಟುಕೊಳ್ಳುವುದು. ತೀರಿದ ಬಳಿಕ ವೆಚ್ಚವು ೧೬,೪೦೦ಕ್ಕೆ ಇಳಿಯುತ್ತದೆ. ಸಂಬಳದಲ್ಲಿಯೇ ೧,೬೦೦ ಉಳಿಯುತ್ತದೆ. ಅಂದು ರವಿವಾರದ ದುಡಿಮೆಯು ತಾನಾಗಿಯೇ ನಿಲ್ಲಬೇಕು. ಆದರೆ ನಿಲ್ಲುವುದುಂಟೇ? ಹೆಚ್ಚಿನ ಹಣವನ್ನು ನಿತ್ಯದ ಆದಾಯವೆಂದು ಎಣಿಸಿದ ಮನೆಯಲ್ಲಿ ಅಷ್ಟರಲ್ಲಿಯೇ ಹೊಸ ವಾಹನದ ಕಂತು ಪ್ರಾರಂಭವಾಗಿರುತ್ತದೆ. ಅದರ ಹಿಂದೆ ಬೆಲೆಬಾಳುವ ಮೊಬೈಲಿನ ಕಂತು. ಮೊದಲು ಸಾಲಕ್ಕಾಗಿ ರವಿವಾರ. ಆಮೇಲೆ ರವಿವಾರವಿದೆಯೆಂಬ ಧೈರ್ಯದಿಂದ ಸಾಲ. ಹೊಲವನ್ನು ಒತ್ತೆಯಿಟ್ಟವನು ಎಂದಾದರೊಂದು ದಿನ ಬಿಡಿಸಿಕೊಂಡಾನು. ವಾರದ ಒಂದು ದಿನವನ್ನೇ ಒತ್ತೆಯಿಟ್ಟವನು ಬಿಡಿಸಿಕೊಳ್ಳುವುದು ಕಷ್ಟ. ಯಾಕೆಂದರೆ ಅವನಿಗೆ ಬಡ್ಡಿಯ ಲೆಕ್ಕವೇ ಕಾಣುವುದಿಲ್ಲ. ಆ ಬಡ್ಡಿಯನ್ನು ತೆರುವವರು ಬೇರೆಯವರು. ಬಾಗಿಲ ಕಡೆ ನೋಡುತ್ತ ಕುಳಿತ ತಾಯಿ ತೆರುತ್ತಾಳೆ. ತಂದೆಯೊಡನೆ ಮಾತನಾಡುವ ವಯಸ್ಸನ್ನು ದಾಟಿ, ಕೇಳಿದುದಕ್ಕೆ ಮಾತ್ರ ಉತ್ತರಿಸುವ ವಯಸ್ಸಿಗೆ ಬಂದುಬಿಟ್ಟ ಮಗನು ತೆರುತ್ತಾನೆ. ಹಣವು ಇಂದು ಹೋದರೆ ನಾಳೆ ಬರಬಹುದು. ಮಗುವಿನ ಎಂಟನೆಯ ವರ್ಷವು ಎಷ್ಟು ದುಡಿದರೂ ಮರಳಿ ಬಾರದು.

ಹಾಗಾದರೆ ನಾಳೆಗಾಗಿ ಏನನ್ನೂ ಉಳಿಸಬಾರದೇ ಎಂಬ ಶಂಕೆ ಬರುವುದು ಸಹಜ. ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದ ಆದರ್ಶವು ಶಾಲೆಯ ಶುಲ್ಕ, ಆಸ್ಪತ್ರೆ, ಬಾಡಿಗೆಗಳ ಈ ಕಾಲಕ್ಕೆ ಹೇಗೆ ಹೊಂದೀತು? ಇಲ್ಲಿ ವಿವೇಚನೆಯು ಅವಶ್ಯಕ. ಲಕ್ಕಮ್ಮನು ಅಕ್ಕಿಯನ್ನೇ ನಿರಾಕರಿಸಲಿಲ್ಲ. ಹೆಸರಿಲ್ಲದ ಅಕ್ಕಿಯನ್ನು ನಿರಾಕರಿಸಿದಳು. ಮಗಳ ಓದಿಗೆಂದು ಅಂಚೆಕಚೇರಿಯಲ್ಲಿಟ್ಟ ಹಣಕ್ಕೆ ಹೆಸರುಂಟು. ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಮೂರು ತಿಂಗಳು ಹೆಚ್ಚಾಗಿ ದುಡಿದರೆ ಆ ದುಡಿಮೆಗೆ ಹೆಸರೂ ಉಂಟು, ಅವಧಿಯೂ ಉಂಟು. ಅಂತಹ ದುಡಿಮೆಯು ಕಾಯಕವೇ ಆಗುತ್ತದೆ. “ಬರಲಿ, ಇರಲಿ, ಯಾವುದಕ್ಕಾದರೂ ಆದೀತು” ಎಂದು ಗುರಿಯಿಲ್ಲದೆ ಮಾಡುವ ದುಡಿಮೆಯು ಕಾಯಕದ ವೇಷವನ್ನು ತೊಟ್ಟ ಆಸೆ. ಆದುದರಿಂದ ಹೆಚ್ಚಿನ ಕೆಲಸವನ್ನು ಒಪ್ಪಿಕೊಳ್ಳುವ ಮೊದಲು ಇದು ಯಾವುದಕ್ಕಾಗಿ, ಎಂದಿನವರೆಗೆ, ಮನೆಯವರೆಲ್ಲರ ಒಪ್ಪಿಗೆಯುಂಟೇ ಎಂದು ಕೇಳಿಕೊಳ್ಳತಕ್ಕದ್ದು. ಈ ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರವಿರುವ ತನಕ ಗೃಹಸ್ಥನು ನಿಶ್ಚಿಂತೆಯಿಂದ ದುಡಿಯಬಹುದು.

ಕೊರತೆಯ ಮೂಲವನ್ನೂ ಒಮ್ಮೆ ಶೋಧಿಸುವುದು ಒಳ್ಳೆಯದು. ಎಷ್ಟೋ ಮನೆಗಳ ಸಾಲವು ಊಟಬಟ್ಟೆಗಳಿಂದ ಬಂದುದಲ್ಲ. ಮದುವೆಯ ಆಡಂಬರದಿಂದಲೂ ನೆರೆಯವರ ಸರಿಸಮನಾಗಿ ತೋರಬೇಕೆಂಬ ಹಟದಿಂದಲೂ ಬಂದುದು. ಒಂದು ದಿನದ ಮೆರವಣಿಗೆಗಾಗಿ ನೂರು ರವಿವಾರಗಳನ್ನು ತೆರುವುದು ಯಾವ ನ್ಯಾಯ? ಸುತ್ತೂರು ಜಾತ್ರೆಯಲ್ಲಿ ನಡೆಯುವ ಸಾಮೂಹಿಕ ವಿವಾಹಗಳಂತಹ ಏರ್ಪಾಡುಗಳನ್ನು ಸಂಕೋಚವಿಲ್ಲದೆ ಸ್ವೀಕರಿಸುವವನು ತನ್ನ ಮುಂದಿನ ಎಷ್ಟೋ ವರ್ಷಗಳ ವಿಶ್ರಾಂತಿಯನ್ನು ಉಳಿಸಿಕೊಂಡಂತೆಯೇ.

ಇನ್ನು, ಆಯ್ಕೆಯೇ ಇಲ್ಲದವರ ಮಾತು. ದಿನಗೂಲಿಯಿಂದ ಬಾಳುವವನಿಗೆ, ಒಂದು ದಿನ ತಪ್ಪಿದರೆ ಒಲೆ ಹೊತ್ತದ ಮನೆಯವನಿಗೆ, ರವಿವಾರದ ವಿಶ್ರಾಂತಿಯನ್ನು ಬೋಧಿಸುವುದು ಕ್ರೂರವಾದೀತು. ಅವನಲ್ಲಿ ದೋಷವಿಲ್ಲ. ಅವನ ವಿಷಯದಲ್ಲಿ ಧರ್ಮದ ಹೊಣೆಯು ಸಮಾಜದ ಮೇಲೆ ಬೀಳುತ್ತದೆ. ದಾಸೋಹವೆಂದರೆ ಎಲೆ ಹಾಕಿ ಬಡಿಸುವುದಷ್ಟೇ ಅಲ್ಲ. ದುರ್ಬಲನ ಹೊರೆಯಲ್ಲಿ ಒಂದು ಪಾಲನ್ನು ತಾನು ಹೊರುವುದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಬಡಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳು ಉಚಿತವಾಗಿ ದೊರೆಯುವುದರಿಂದ ಎಷ್ಟು ತಂದೆತಾಯಿಗಳ ಬೆನ್ನು ಹಗುರವಾಗಿದೆಯೆಂಬುದು ಲೋಕವಿದಿತ. ಇನ್ನೊಬ್ಬರಿಂದ ಕೆಲಸವನ್ನು ಮಾಡಿಸಿಕೊಳ್ಳುವ ಭಕ್ತರೂ ಇದನ್ನು ಅರಿಯತಕ್ಕದ್ದು. ವಾರದ ರಜೆಯು ತಾನಾಗಿ ಬಂದ ಸೌಲಭ್ಯವಲ್ಲ. ಮುಂಬಯಿಯ ಗಿರಣಿ ಕೆಲಸಗಾರರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಹೋರಾಡಿ, ೧೮೯೦ರಲ್ಲಿ ರವಿವಾರದ ರಜೆಯನ್ನು ಪಡೆದರು. ೧೯೪೮ರ ಕಾರ್ಖಾನೆಗಳ ಕಾಯಿದೆಯು ವಾರಕ್ಕೆ ೪೮ ಗಂಟೆಗಳ ಮಿತಿಯನ್ನು ವಿಧಿಸಿ, ಅದನ್ನು ಮೀರಿದ ದುಡಿಮೆಗೆ ಇಮ್ಮಡಿ ಕೂಲಿಯನ್ನು ಗೊತ್ತುಪಡಿಸಿತು. ಮನುಷ್ಯನ ದೇಹಕ್ಕೂ ಮನೆಗೂ ಒಂದು ಮೇರೆಯುಂಟೆಂಬುದನ್ನು ಲೌಕಿಕ ಶಾಸನವೇ ಒಪ್ಪಿಕೊಂಡಿರುವಾಗ, ಭಕ್ತನಾದ ಯಜಮಾನನು ತನ್ನ ಅಂಗಡಿಯ ಆಳಿಗೆ ವಾರಕ್ಕೊಂದು ದಿನವನ್ನು ಬಿಟ್ಟುಕೊಡಲು ಹಿಂಜರಿಯಬಹುದೇ?

ಮನೆಯೊಳಗಿನ ಮತ್ತೊಬ್ಬ ಕಾಯಕಜೀವಿಯನ್ನೂ ಮರೆಯಲಾಗದು. ಗೃಹಿಣಿಗೆ ರವಿವಾರವೆಂಬುದುಂಟೇ? ಗಂಡನು ರಜೆಯ ದಿನವೂ ಹೊರಗೆ ದುಡಿದರೆ ಅವಳ ಹೊರೆಯು ಇಮ್ಮಡಿಯಾಗುತ್ತದೆ. ಮನೆಯಲ್ಲಿಯೇ ಇದ್ದು ಮೊಬೈಲಿನಲ್ಲಿ ಮುಳುಗಿದರೂ ಅವಳ ಹೊರೆಯೇನೂ ಇಳಿಯುವುದಿಲ್ಲ. ಹೀಗೆ ಕಳೆದ ರವಿವಾರವು ಮಾರಿದ ರವಿವಾರಕ್ಕಿಂತ ಉತ್ತಮವಾದುದೇನಲ್ಲ. ಮಾರಿದುದರಿಂದ ಹಣವಾದರೂ ಬಂದಿತು! ಉಳಿಸಿಕೊಂಡ ದಿನವನ್ನು ಸದ್ವಿನಿಯೋಗ ಮಾಡತಕ್ಕದ್ದು. ಅಂದಾದರೂ ಅವಸರವಿಲ್ಲದೆ ಇಷ್ಟಲಿಂಗಪೂಜೆಯಾಗಲಿ. ಮಕ್ಕಳೊಡನೆ ಕುಳಿತು ಒಂದು ವಚನವನ್ನು ಓದಿ ಅದರ ಅರ್ಥವನ್ನು ಅವರಿಂದಲೇ ಹೇಳಿಸುವುದಾಗಲಿ. ಹಿರಿಯರು ಕಿರಿಯರು ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಲಿ. ಪಾತ್ರೆ ತೊಳೆಯುವುದರಲ್ಲಿ, ನೀರು ತುಂಬುವುದರಲ್ಲಿ ಗಂಡಸರ ಕೈಯೂ ಸೇರಲಿ. ಮನೆಯ ಕೆಲಸವನ್ನು ಕೀಳೆಂದು ಬಗೆಯುವವನಿಗೆ ಕಾಯಕದ ಅರ್ಥವೇ ತಿಳಿದಿಲ್ಲವೆನ್ನಬೇಕು.

ಅದೇ ದಿನ ಸಂಜೆ, ತಿಂಗಳಿಗೊಮ್ಮೆಯಾದರೂ, ಮನೆಯವರೆಲ್ಲ ಕೂಡಿ ಲೆಕ್ಕದ ಪುಸ್ತಕವನ್ನು ತೆರೆದು ನೋಡುವ ವಾಡಿಕೆಯನ್ನು ಬೆಳೆಸುವುದು ಶ್ರೇಯಸ್ಕರ. ಯಜಮಾನನು ಬಂದುದನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ಗೃಹಿಣಿಯು ಹೋದುದನ್ನು ಹೇಳಲಿ. ಬುದ್ಧಿ ಬಲಿತ ಮಕ್ಕಳು ಕೇಳಲಿ. ತಂದೆಯು ಯಾವ ಸಾಲಕ್ಕಾಗಿ ಎರಡು ರವಿವಾರ ಹೊರಗೆ ಹೋಗುತ್ತಾನೆ, ಅದು ಎಂದು ತೀರುತ್ತದೆ ಎಂಬುದನ್ನು ಬಲ್ಲ ಮಗುವು ಮುನಿಯುವುದಿಲ್ಲ. ಹದಿನಾಲ್ಕು ತಿಂಗಳುಗಳನ್ನು ತಾನೂ ಎಣಿಸುತ್ತದೆ. ಬೇಡದ ಬಯಕೆಗಳು ಅಲ್ಲಿಯೇ ಸೋಸಿಹೋಗುತ್ತವೆ. ಸಾಲವು ತೀರಿದ ದಿನ, “ಇನ್ನು ಸಾಕು” ಎಂದು ಹೇಳುವ ಧೈರ್ಯವೂ ಆ ಮನೆಗೆ ಬರುತ್ತದೆ. ಗೃಹಸ್ಥನ ಬಾಳಿನಲ್ಲಿ “ಸಾಕು” ಎಂಬುದು ಬಹು ದೊಡ್ಡ ಮಂತ್ರವು. ಅದನ್ನು ಬಾಯಿಂದ ಹೇಳುವುದು ಸುಲಭ. ಕೈಗೆ ಬಂದ ಅಕ್ಕಿಯನ್ನು ಮರಳಿ ಚೆಲ್ಲಿ ಬರುವಾಗ ಹೇಳುವುದು ಕಠಿನ.

ದುಡಿಯುವ ಕೈಗಳಿಗೆ ಬಲವೂ, ತಡೆಯುವ ಮನಸ್ಸಿಗೆ ವಿವೇಕವೂ ಎಲ್ಲ ಭಕ್ತಗೃಹಗಳಲ್ಲಿ ಜತೆಯಾಗಿ ನೆಲಸಲಿ. ಮಾರಯ್ಯನ ದುಡಿಮೆಯೂ ಲಕ್ಕಮ್ಮನ ಅಳತೆಯೂ ಒಂದೇ ಮನೆಯಲ್ಲಿ ಕೂಡಿದಾಗ, ಇದ್ದ ಅಲ್ಪ ಅಕ್ಕಿಯೇ ಮಹಾದಾಸೋಹಕ್ಕೆ ಸಾಲುವುದರಲ್ಲಿ ಸಂಶಯವಿಲ್ಲ.