ಮುಳುಗದ ಸೂರ್ಯನ ಕೆಳಗೆ ಉಪವಾಸ

ನಾರ್ವೆಯ ಟ್ರೋಮ್ಸೊ ಊರಿನಲ್ಲಿ ಮೇ 20ರ ಸುಮಾರಿಗೆ ಹುಟ್ಟಿದ ಸೂರ್ಯ ಜುಲೈ 22ರ ಹೊತ್ತಿನವರೆಗೂ ಮುಳುಗುವುದಿಲ್ಲ. ಆರ್ಕ್‌ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿರುವ ಈ ಊರಲ್ಲಿ 1972ರಲ್ಲಿ ಬಾಗಿಲು ತೆರೆದ ವಿಶ್ವವಿದ್ಯಾಲಯವಿದೆ. ಮೀನುಗಾರಿಕೆ, ಧ್ರುವಪ್ರದೇಶದ ಹವಾಮಾನ ಓದಲು ಹೊರದೇಶದ ಹುಡುಗ ಹುಡುಗಿಯರು ಅಲ್ಲಿಗೆ ಹೋಗುತ್ತಾರೆ. 2015 ಮತ್ತು 2016ರಲ್ಲಿ ರಂಜಾನ್ ತಿಂಗಳು ಪೂರ್ತಿಯಾಗಿ ಈ ಬೆಳಕಿನ ಅವಧಿಯೊಳಗೇ ಬಂತು. ನಸುಕಿನಿಂದ ಸೂರ್ಯಾಸ್ತದವರೆಗೆ ಉಪವಾಸ ಎನ್ನುತ್ತದೆ ವಿಧಿ. ಅಸ್ತವೇ ಆಗದಿದ್ದರೆ ಉಪವಾಸ ಬಿಡುವುದು ಯಾವಾಗ?

ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗೆ ಇದು ದಿನದಿನದ ಪ್ರಶ್ನೆ. ನಿದ್ದೆ ಬರಲೆಂದು ಕಿಟಕಿಗೆ ದಪ್ಪ ಪರದೆ ಎಳೆದು ಮಲಗಬೇಕು, ಅಲಾರಂ ಇಟ್ಟು ನಸುಕಿಗೆ ಮುಂಚಿನ ಊಟವಾದ ಸಹರಿಗೆ ಏಳಬೇಕು. ಎದ್ದರೆ ಹೊರಗೆ ಅದೇ ಬಿಸಿಲು. ಅಲ್ಲಿನ ಮಸೀದಿಯವರು ವಿದ್ವಾಂಸರನ್ನು ಕೇಳಿ ಮೆಕ್ಕಾದ ವೇಳೆಯನ್ನು ಹಿಡಿದರು. ಮೆಕ್ಕಾದಲ್ಲಿ ಜೂನ್ ಸಂಜೆ ಏಳರ ಸುಮಾರಿಗೆ ಸೂರ್ಯ ಮುಳುಗಿದರೆ, ಟ್ರೋಮ್ಸೊದ ಗಡಿಯಾರದಲ್ಲೂ ಅದೇ ಏಳಕ್ಕೆ ಉಪವಾಸ ಬಿಡುವ ಇಫ್ತಾರ್. ಎಲ್ಲರೂ ಬಳಸುವ ಅಡುಗೆಮನೆಯಲ್ಲಿ ಖರ್ಜೂರ ಬಾಯಿಗಿಡುವಾಗ ಬಿಸಿಲು ನೇರ ತಟ್ಟೆಯ ಮೇಲೇ ಬೀಳುತ್ತಿರುತ್ತದೆ. ಹೊಸದಾಗಿ ಬಂದವರಿಗೆ ಕೈ ತಡೆಯುವುದು ಸಹಜ. ಹುಟ್ಟಿದಾಗಿನಿಂದ ಕಂಡ ರಂಜಾನಿಗೂ ಈ ಬೆಳಕಿಗೂ ತಾಳೆಯಾಗುವುದಿಲ್ಲ.

ಆದರೆ ಈ ಲೆಕ್ಕಾಚಾರ ಧರ್ಮಕ್ಕೆ ಹೊರಗಿನದಲ್ಲ. ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹದಲ್ಲಿ ಲೋಕದ ಕೊನೆಗಾಲದ ಒಂದು ಪ್ರಸಂಗ ಬರುತ್ತದೆ: ಒಂದು ದಿನ ವರ್ಷದಷ್ಟು ಉದ್ದವಾದರೆ ಆ ದಿನಕ್ಕೆ ಒಂದೇ ದಿನದ ನಮಾಜು ಸಾಕೇ ಎಂದು ಸಂಗಡಿಗರು ಕೇಳುತ್ತಾರೆ. ಸಾಲದು, ಹೊತ್ತನ್ನು ಅಂದಾಜು ಮಾಡಿಕೊಳ್ಳಿ ಎಂಬುದು ಪ್ರವಾದಿಯವರ ಉತ್ತರ. ಧ್ರುವದ ನಾಡುಗಳ ಬಗ್ಗೆ ನಂತರ ಬಂದ ತೀರ್ಮಾನಗಳು ಬಹುತೇಕ ಈ ಉತ್ತರವನ್ನೇ ಆಧರಿಸಿವೆ. ಕೆಲವರು ಮೆಕ್ಕಾದ ವೇಳೆ ಎನ್ನುತ್ತಾರೆ, ಕೆಲವರು ಹಗಲು ರಾತ್ರಿ ಬೇರೆಯಾಗಿ ಕಾಣುವ ಹತ್ತಿರದ ಊರಿನ ವೇಳೆ ಎನ್ನುತ್ತಾರೆ.

ಇನ್ನೊಂದು ದಾರಿ ತೋರಿಸಿದವರು ನಮ್ಮ ನೆರೆಯವರು. 1908ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಮುಹಮ್ಮದ್ ಹಮೀದುಲ್ಲಾ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಬಾನ್ ಮತ್ತು ಪ್ಯಾರಿಸಿನ ಸೊರ್ಬಾನ್‌ನಲ್ಲಿ ಡಾಕ್ಟರೇಟ್ ಪಡೆದವರು. ಕಲಬುರಗಿ, ಬೀದರ್, ರಾಯಚೂರುಗಳೂ ಆಗ ಅದೇ ನಿಜಾಮರ ಸಂಸ್ಥಾನದಲ್ಲಿದ್ದವು. 45 ಡಿಗ್ರಿ ಅಕ್ಷಾಂಶದಿಂದಾಚೆ, ಧ್ರುವದ ಕಡೆಗೆ ಇರುವವರು ಆ 45 ಡಿಗ್ರಿಯ ವೇಳೆಯನ್ನೇ ಪಾಲಿಸಲಿ ಎಂದು ಅವರು ಸೂಚಿಸಿದರು. ಅವರು ದಶಕಗಟ್ಟಲೆ ಬಾಳಿದ ಪ್ಯಾರಿಸ್ ಕೂಡ ಆ ಗೆರೆಯ ಆಚೆಗಿದೆ. ಓದಲು ಬಂದು ಪರದೇಶದಲ್ಲೇ ನೆಲೆಸಿದವನಿಗೆ ಮಾತ್ರ ಈ ಪ್ರಶ್ನೆ ಇಷ್ಟು ಹತ್ತಿರದಿಂದ ಕಂಡೀತು.

ಕನ್ನಡದ ಮನೆಗಳಿಗೂ ಇದರ ಒಂದು ರೂಪ ಗೊತ್ತು. ಏಕಾದಶಿ ತಿಥಿ ಮುಗಿಯುವ ಕ್ಷಣ ಲೋಕಕ್ಕೆಲ್ಲ ಒಂದೇ, ಸೂರ್ಯೋದಯ ಮಾತ್ರ ಊರಿಗೊಂದು. ಸೂರ್ಯೋದಯಕ್ಕೆ ನಾಲ್ಕು ಗಳಿಗೆ ಮುಂಚಿನ ಅರುಣೋದಯದಲ್ಲಿ ಹಿಂದಿನ ತಿಥಿಯಾದ ದಶಮಿಯ ವೇಧ, ಅಂದರೆ ಸೋಂಕು, ಇದೆಯೇ ಎಂದು ನೋಡುವುದು ಮಾಧ್ವರ ಪದ್ಧತಿ. ಹಾಗಾಗಿ ಉಡುಪಿಯಲ್ಲಿ ತಾಯಿ ಉಪವಾಸವಿರುವ ದಿನವೂ ಟೊರಾಂಟೊದಲ್ಲಿ ಓದುವ ಮಗನ ಏಕಾದಶಿಯೂ ಬೇರೆ ಬೇರೆ ತಾರೀಖಿಗೆ ಬೀಳಬಹುದು. ಶಾಸ್ತ್ರದ ಪ್ರಕಾರ ಅವನು ನಿಂತ ನೆಲದ ಸೂರ್ಯನೇ ಪ್ರಮಾಣ. ಮನಸ್ಸಿಗೆ ಮಾತ್ರ ಅಮ್ಮನ ಜೊತೆ ಹಸಿದಿರುವುದೇ ವ್ರತ ಅನ್ನಿಸುತ್ತದೆ. ಈ ಎಳೆತವನ್ನು ಬರೀ ಭಾವುಕತೆ ಎಂದು ತಳ್ಳಿಹಾಕುವುದು ತಪ್ಪು. ವ್ರತಕ್ಕೆ ಬಲ ಬರುವುದು ಕೂಡಿ ಮಾಡುವುದರಿಂದಲೂ ಹೌದು.

ತೊಡಕು ಹೆಚ್ಚುವುದು ಟ್ರೋಮ್ಸೊಗಿಂತ ದಕ್ಷಿಣಕ್ಕೆ ಬಂದಾಗ. ಓಸ್ಲೊದಲ್ಲಿ ಜೂನ್ ತಿಂಗಳಲ್ಲೂ ಸೂರ್ಯ ಮುಳುಗುತ್ತಾನೆ, ಆದರೆ ರಾತ್ರಿ ಹತ್ತೂಮುಕ್ಕಾಲಿನ ಹೊತ್ತಿಗೆ. ನಾಲ್ಕಕ್ಕೆಲ್ಲ ಮತ್ತೆ ಹುಟ್ಟುತ್ತಾನೆ. ವಾರ್ಷಿಕ ಪರೀಕ್ಷೆ ಬರುವುದೂ ಆ ತಿಂಗಳ ಸುಮಾರಿಗೇ. ಹದಿನೆಂಟು ಗಂಟೆಗಿಂತ ಉದ್ದದ ಉಪವಾಸವಾದರೆ ಮೆಕ್ಕಾದ ವೇಳೆ ಹಿಡಿಯಬಹುದು ಎಂದು ಈಜಿಪ್ಟಿನ ಫತ್ವಾ ಸಂಸ್ಥೆ ದಾರ್ ಅಲ್ ಇಫ್ತಾ ಹೇಳಿತು. ಅಸ್ತ ಕಣ್ಣಿಗೆ ಕಾಣುತ್ತಿರುವಾಗ ಅಂದಾಜು ಏಕೆ ಎಂದು ಯುರೋಪಿನ ಹಲವು ವಿದ್ವಾಂಸರು ಒಪ್ಪಲಿಲ್ಲ. ತೀರಾ ತಡೆಯದವರು ಉಪವಾಸ ಬಿಟ್ಟು, ಮುಂದೆ ಹಗಲು ಚಿಕ್ಕದಾದಾಗ ಆ ದಿನಗಳನ್ನು ತುಂಬಿಕೊಡಲಿ ಎಂಬುದು ಅವರ ಮಾತು. ಎರಡೂ ಕಡೆ ವಿದ್ಯಾರ್ಥಿಯ ಬಗ್ಗೆ ಕಾಳಜಿಯಿದೆ, ಆದರೂ ಎರಡನೆಯದೇ ಹೆಚ್ಚು ನೇರವಾಗಿದೆ ಅನ್ನಿಸುತ್ತದೆ. ಕಾಣುವ ಸೂರ್ಯನನ್ನು ಇಲ್ಲವೆನ್ನದೆಯೇ ದೇಹದ ಮಿತಿಯನ್ನೂ ಅದು ಒಪ್ಪಿಕೊಳ್ಳುತ್ತದೆ.

ಅಸ್ತವಿಲ್ಲದ ಟ್ರೋಮ್ಸೊದಲ್ಲಿ ಮೆಕ್ಕಾ, ಹತ್ತಿರದ ಊರು, 45 ಡಿಗ್ರಿ ಯಾವುದನ್ನು ಹಿಡಿದರೂ ಹುರುಳಿದೆ. ಹಿಡಿದದ್ದನ್ನು ಅನುಕೂಲ ನೋಡಿ ಬದಲಿಸಿದಾಗ ವ್ರತ ಸಡಿಲವಾಗುತ್ತದೆ. ಹಿಡಿದದ್ದನ್ನು ಬಿಡದ ನಿಷ್ಠೆಗೂ ಪರೀಕ್ಷೆಯ ಕಾಲ ಬರುತ್ತಿದೆ. ಚಾಂದ್ರಮಾನ ವರ್ಷ ಹತ್ತು ಹನ್ನೊಂದು ದಿನ ಚಿಕ್ಕದಾದ್ದರಿಂದ ರಂಜಾನ್ ವರ್ಷವರ್ಷ ಹಿಂದೆ ಸರಿಯುತ್ತಾ 2030ರ ಡಿಸೆಂಬರ್ ಕೊನೆಗೆ ತಲುಪುತ್ತದೆ. ಆಗ ಟ್ರೋಮ್ಸೊದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ, ನಡುಹಗಲಲ್ಲಿ ಒಂದಿಷ್ಟು ಮಬ್ಬು ಬೆಳಕು ಅಷ್ಟೇ. ಸೂರ್ಯನನ್ನಷ್ಟೇ ನಂಬಿದರೆ ಹಸಿಯಬೇಕಾದ ಹಗಲೇ ಇರುವುದಿಲ್ಲ. ಬೇಸಗೆಯಲ್ಲಿ ಮೆಕ್ಕಾದ ಗಡಿಯಾರ ನೋಡಿ ಸಂಜೆ ಏಳಕ್ಕೆ ಉಂಡವರು, ಆ ಕತ್ತಲಲ್ಲೂ ಅದೇ ಗಡಿಯಾರ ಹೇಳುವಷ್ಟು ಹೊತ್ತು, ಸುಮಾರು ಹನ್ನೆರಡು ಗಂಟೆ, ಹಸಿದಿರಬೇಕಾಗುತ್ತದೆ.