ವನಸ್ಪತಿಭೇದವೂ ವ್ರತವಿವೇಕವೂ

ಚತುರ್ದಶಿಯ ಉಪವಾಸ ಮುಗಿದು ಪಾರಣೆಯ ಅಡಿಗೆಗೆ ತರಕಾರಿ ಹೆಚ್ಚುತ್ತಿರುವಾಗ, ಕಾಲೇಜಿನಲ್ಲಿ ಓದುವ ಮಗನು ಕೇಳುತ್ತಾನೆ: “ಅಪ್ಪಾಜಿ, ಆಲೂಗಡ್ಡೆ ಬೇರಲ್ಲ, ಕಾಂಡ. ಈರುಳ್ಳಿಯೂ ಬೇರಲ್ಲ, ಎಲೆಗಳ ಪದರ. ಹಾಗಿದ್ದರೆ ಇವನ್ನು ಕಂದಮೂಲವೆಂದು ಬಿಡುವುದೇಕೆ?” ಉತ್ತರ ತೋಚದ ತಂದೆ ಗದರಿದರೆ ಮಗನು ಸುಮ್ಮನಾದಾನು; ಆದರೆ ಅವನ ಮನಸ್ಸಿನಲ್ಲಿ ಅಂದೇ ವ್ರತದ ಬುಡ ಸಡಿಲವಾಗುತ್ತದೆ.

ಮಗನ ಮಾತು ಸುಳ್ಳಲ್ಲ. ಸಸ್ಯಶಾಸ್ತ್ರವು ರೂಪವನ್ನೂ ಸಂತಾನಕ್ರಮವನ್ನೂ ನೋಡಿ ವಿಂಗಡಿಸುತ್ತದೆ. ಬೀಜವಿಲ್ಲದ ಹಾವಸೆ, ಜರೀಗಿಡಗಳು ಒಂದು ಕಡೆ. ಬೀಜವಿದ್ದರೂ ಹಣ್ಣಿನ ಹೊದಿಕೆಯಿಲ್ಲದ ಪೈನ್ ಮೊದಲಾದವು ಇನ್ನೊಂದು ಕಡೆ. ಹಣ್ಣಿನೊಳಗೆ ಬೀಜವನ್ನು ಧರಿಸುವ ಹೂಗಿಡಗಳು ಮತ್ತೊಂದು ಕಡೆ. ಈ ಲೆಕ್ಕದಲ್ಲಿ ಆಲೂಗಡ್ಡೆಯೂ ಬದನೆಯೂ ಒಂದೇ ಕುಟುಂಬದವು.

ಆಗಮವು ಕೇಳುವ ಪ್ರಶ್ನೆಯೇ ಬೇರೆ: ಈ ಒಂದು ಶರೀರದಲ್ಲಿ ಎಷ್ಟು ಜೀವಗಳಿವೆ? ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಇದನ್ನು ನಿರೂಪಿಸಿದ್ದಾರೆ. ಒಂದು ಶರೀರಕ್ಕೆ ಒಂದೇ ಜೀವವು ಒಡೆಯನಾಗಿದ್ದರೆ ಅದು ಪ್ರತ್ಯೇಕ ವನಸ್ಪತಿ. ಒಂದೇ ಶರೀರದಲ್ಲಿ ಅನಂತ ಜೀವಗಳಿದ್ದು, ಅವುಗಳ ಆಹಾರ, ಉಸಿರು, ಹುಟ್ಟು, ಸಾವುಗಳೆಲ್ಲ ಒಟ್ಟಿಗೇ ನಡೆದರೆ ಅದು ಸಾಧಾರಣ, ಅದೇ ನಿಗೋದ. ನಿಗೋದಜೀವಗಳಿಗೆ ಆಶ್ರಯವಾದ ಪ್ರತ್ಯೇಕವು ಸಪ್ರತಿಷ್ಠಿತ, ಆಗದಿರುವುದು ಅಪ್ರತಿಷ್ಠಿತ. ನರ, ಗಿಣ್ಣು, ಸಂಧಿಗಳು ಹೊರಗೆ ಕಾಣದಿರುವುದು, ಮುರಿದರೆ ನಾರಿಲ್ಲದೆ ಸಮವಾಗಿ ಮುರಿಯುವುದು, ಕತ್ತರಿಸಿದರೂ ಮತ್ತೆ ಚಿಗುರುವುದು — ಇವು ಸಪ್ರತಿಷ್ಠಿತದ ಲಕ್ಷಣಗಳು. ಬೇರು, ಕಾಂಡ, ತೊಗಟೆ, ಚಿಗುರು ಯಾವುದರಲ್ಲಿಯಾದರೂ ಇವು ಕಾಣಬಹುದು. ಆದ್ದರಿಂದ ಆಲೂಗಡ್ಡೆ ಕಾಂಡವೆಂದು ಸಿದ್ಧವಾದ ಮಾತ್ರಕ್ಕೆ ತ್ಯಾಗದ ಕಾರಣ ಅಳಿಯುವುದಿಲ್ಲ.

ಬೂಸಲಿನ ವಿಷಯವೂ ಹೀಗೆಯೇ. 1969ರಲ್ಲಿ ವಿಟೇಕರ್ ಎಂಬ ವಿಜ್ಞಾನಿ ಶಿಲೀಂಧ್ರಗಳನ್ನು ಸಸ್ಯಗಳಿಂದ ಬೇರ್ಪಡಿಸಿ ಪ್ರತ್ಯೇಕ ಸಾಮ್ರಾಜ್ಯವೆಂದು ಎಣಿಸಿದನು. ಪುಸ್ತಕದಲ್ಲಿ ಪಂಕ್ತಿ ಬದಲಾಯಿತೆಂದು ಬೂಸಲು ಹಿಡಿದ ಉಪ್ಪಿನಕಾಯಿ ಶ್ರಾವಕನಿಗೆ ಭಕ್ಷ್ಯವಾದೀತೆ?

ಪ್ರತ್ಯೇಕವಾದರೂ ಅದು ಜೀವವೇ ಎಂಬುದನ್ನು ಮರೆಯಲಾಗದು. ಗೃಹಸ್ಥನಿಗೆ ಸ್ಥಾವರಹಿಂಸೆ ಪೂರ್ತಿಯಾಗಿ ತಪ್ಪದು; ಅನಾವಶ್ಯಕವಾದುದನ್ನು ತಪ್ಪಿಸಬಹುದು. ಒಂದು ನಾಲಗೆಯ ರುಚಿಗಾಗಿ ಅನಂತ ಜೀವಗಳ ಘಾತವೇಕೆಂಬ ಕರುಣೆಯಿಂದಲೇ ಕಂದಮೂಲದ ತ್ಯಾಗ. ಆ ಕರುಣೆ ಇನ್ನಷ್ಟು ಬೆಳೆದಾಗ ಅಷ್ಟಮಿ-ಚತುರ್ದಶಿಗಳಲ್ಲಿ ಹಸಿರಿನ ತ್ಯಾಗ.

ಆದಕಾರಣ ತಂದೆಯು ಗದರದಿರಲಿ. ಈಳಿಗೆಯನ್ನು ಬದಿಗಿಟ್ಟು, ಮಗನನ್ನು ಹತ್ತಿರ ಕುಳ್ಳಿರಿಸಿಕೊಂಡು, “ನಿನ್ನ ಪಾಠ ಸರಿ ಮಗು, ನಮ್ಮದು ಬೇರಿನ ಲೆಕ್ಕವಲ್ಲ, ಜೀವದ ಲೆಕ್ಕ” ಎನ್ನಲಿ. ಅರಿತು ಹಿಡಿದ ವ್ರತವೇ ತಲೆಮಾರಿಗೆ ಉಳಿಯುವುದು.