ಒಂದು ತಿರುಪಿನಷ್ಟು ಹೊಂದಾಣಿಕೆ

ನಮ್ಮ ಮನೆಯ ಕಾರು ನನ್ನ ಮಗಳಿಗಿಂತ ಒಂದೇ ವರ್ಷ ಚಿಕ್ಕದು. 1998ರಲ್ಲಿ ಕೊಂಡದ್ದು, ಕಾರ್ಬ್ಯುರೇಟರ್ ಕಾಲದ ಕಾರು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ, ಅಂದರೆ 2013ರಲ್ಲಿ, 2018ರಲ್ಲಿ, 2023ರಲ್ಲಿ, ಆರ್‌ಟಿಓ ಕಚೇರಿಗೆ ಕರೆದೊಯ್ದು ತೋರಿಸಿ, ಹಸಿರು ತೆರಿಗೆ ಕಟ್ಟಿ, ಅದರ ಆಯುಷ್ಯ ಹೆಚ್ಚಿಸಿಕೊಂಡು ಬಂದಿದ್ದೇವೆ. ಮಗಳು ಮದುವೆಯಾಗಿ ಹೋದಳು, ಕಾರು ಉಳಿಯಿತು. ನಮ್ಮವರಿಗೆ ಮಂಡಿನೋವು ಬಂದ ಮೇಲೆ ಅದು ಪೂರ್ತಿಯಾಗಿ ನನ್ನ ಪಾಲಿಗೆ ಬಂತು. ತಿಪಟೂರಿನ ನಮ್ಮ ಮನೆಯಿಂದ ನಾನು ಪಾಠ ಹೇಳುವ ಹಳ್ಳಿಯ ಶಾಲೆಗೆ 9 ಕಿಲೋಮೀಟರ್. ದಿನಾ ನಾನೇ ಓಡಿಸಿಕೊಂಡು ಹೋಗುತ್ತೇನೆ.

ಕಳೆದ ವರ್ಷ ಅದಕ್ಕೊಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತು. ಓಡುವಾಗ ಏನೂ ತೊಂದರೆಯಿಲ್ಲ. ಎದುರಿಗೆ ಕೊಬ್ಬರಿ ಮೂಟೆಯ ಲಾರಿ ಅಡ್ಡ ಬಂದು ನಿಂತರೆ ಸಾಕು, ಚಳಿಜ್ವರ ಬಂದವರಂತೆ ಗಡಗಡ ನಡುಗಿ, ಉಸಿರು ಕಟ್ಟಿ ನಿಂತುಬಿಡುತ್ತಿತ್ತು. ಹಿಂದಿನವರೆಲ್ಲ ಹಾರನ್ ಒತ್ತುವವರೇ. "ಹೆಂಗಸರು ಕಾರು ಹಿಡಿದರೆ ಹೀಗೇ" ಎಂದು ಒಬ್ಬ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಬಸ್ ನಿಲ್ದಾಣದ ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಹುಡುಗ ಬಾನೆಟ್ ಎತ್ತಿ, ಒಂದು ತಿರುಪನ್ನು ಸ್ಕ್ರೂ ಡ್ರೈವರಿನಿಂದ ಸ್ವಲ್ಪ ತಿರುಗಿಸಿದ. ಎಂಜಿನ್ನಿನ ಸದ್ದು ಏರಿತು, ನಡುಕ ನಿಂತಿತು. "ಸ್ಲೋ ಸ್ಪೀಡ್ ಜಾಸ್ತಿ ಮಾಡಿದೀನಿ ಮೇಡಂ, ಇನ್ನು ಆಫ್ ಆಗಲ್ಲ" ಅಂದ. 50 ರೂಪಾಯಿ ಕೊಟ್ಟು ಸಂತೋಷದಿಂದ ಬಂದೆ. ಎರಡು ತಿಂಗಳಿಗೆ ಕಾಯಿಲೆ ಮರುಕಳಿಸಿತು. ಮತ್ತೆ ತಿರುಪು ತಿರುಗಿತು. ಹೀಗೆ ಮೂರು ಸಲ. ಪೆಟ್ರೋಲಿನ ಖರ್ಚು ಏರುತ್ತಿತ್ತು. ಬ್ರೇಕನ್ನು ಮೊದಲಿಗಿಂತ ಒತ್ತಿ ತುಳಿಯಬೇಕಾಗಿತ್ತು. ಅದಕ್ಕೂ ನನ್ನ ಕಾಲು ಒಗ್ಗಿಕೊಂಡಿತ್ತು. ನಾವು ಹೆಂಗಸರು ಏನಕ್ಕೆ ತಾನೆ ಒಗ್ಗಿಕೊಳ್ಳುವುದಿಲ್ಲ?

ನಾಲ್ಕನೆಯ ಸಲ ಆ ಗ್ಯಾರೇಜು ಮುಚ್ಚಿತ್ತು. ಹಾಗಾಗಿ ಫಿಯೆಟ್, ಅಂಬಾಸಡರ್ ಕಾಲದಿಂದಲೂ ಕೆಲಸ ಮಾಡುತ್ತಿರುವ ವಯಸ್ಸಾದ ಮೇಸ್ತ್ರಿಯೊಬ್ಬರ ಬಳಿಗೆ ಹೋದೆ. ಅವರು ತಿರುಪನ್ನು ಮುಟ್ಟಲೇ ಇಲ್ಲ. ಎರಡಡಿ ಉದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲೆಲ್ಲ ಆಡಿಸುತ್ತಾ ಡಾಕ್ಟರಂತೆ ಆಲಿಸಿದರು. ಒಂದು ಕಡೆ ನಿಲ್ಲಿಸಿ, "ಕೇಳಿ ಟೀಚರಮ್ಮ" ಎಂದು ನನ್ನ ಕೈಗೆ ಕೊಟ್ಟರು. ಸಣ್ಣಗೆ 'ಸ್‌ಸ್‌ಸ್' ಎಂಬ ಸದ್ದು. ಅಲ್ಲಿದ್ದ ಬೆರಳುಗಾತ್ರದ ಪೈಪಿನ ಮೇಲೆ ನಾಲ್ಕು ಹನಿ ನೀರು ಬಿಟ್ಟರು. ನೀರು ಬಿರುಕಿಗೆ ಕೂತು ಗಾಳಿಯನ್ನು ತಡೆದ ಒಂದು ಗಳಿಗೆ ಎಂಜಿನ್ನಿನ ನಡುಕ ತಗ್ಗಿತು. ಆಮೇಲೆ ಮತ್ತೆ ಅದೇ ಕಥೆ.

"ವ್ಯಾಕ್ಯೂಮ್ ಪೈಪು. ರಬ್ಬರಿಗೆ ವಯಸ್ಸಾಯ್ತು. ಬಿಸಿಗೆ ಒಣಗಿ ಸೀಳಿದೆ."

ನಾನು ಬಿ.ಎ. ಓದಿದವಳು. ನಿರ್ವಾತದ ವಿಷಯ ನನಗೆ ಗೊತ್ತಿದ್ದದ್ದು ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ನಡೆದ ಪ್ರಯೋಗದ ಕಥೆಯಷ್ಟೇ. ಒಟ್ಟೊ ಫಾನ್ ಗೆರಿಕೆ ಎಂಬಾತ ಎರಡು ತಾಮ್ರದ ಅರೆಗೋಳಗಳನ್ನು ಜೋಡಿಸಿ ಒಳಗಿನ ಗಾಳಿ ತೆಗೆದಾಗ, ಎರಡು ಕಡೆ ಕಟ್ಟಿದ ಕುದುರೆಗಳಿಗೂ ಅವನ್ನು ಬಿಡಿಸಲು ಕಷ್ಟವಾಯಿತಂತೆ. ಮೇಸ್ತ್ರಿ ಹೇಳಿದ್ದೂ ಅದೇ ವಿಷಯ. ಪಿಸ್ಟನ್ ಕೆಳಗಿಳಿಯುವಾಗ ಎಂಜಿನ್ನು ಗಾಳಿಯನ್ನು ಹೀರುತ್ತದೆ. ಆಕ್ಸಲರೇಟರಿನಿಂದ ಕಾಲು ತೆಗೆದಾಗ ಕಾರ್ಬ್ಯುರೇಟರಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಆಚೆಗೆ ಗಾಳಿಯ ಒತ್ತಡ ಬಹಳ ತಗ್ಗುತ್ತದೆ. ಆ ಬರಿದಿನ ಬಲವನ್ನು ಈ ಸಣ್ಣ ಪೈಪುಗಳು ಬೇರೆ ಬೇರೆ ಕಡೆಗೆ ಒಯ್ಯುತ್ತವೆ. ಒಂದು, ಕಿಡಿ ಹಾರುವ ಹೊತ್ತನ್ನು ತಿದ್ದುವ ಡಿಸ್ಟ್ರಿಬ್ಯೂಟರಿಗೆ. ಇನ್ನೊಂದು, ದಪ್ಪದ್ದು, ಬ್ರೇಕಿಗೆ ಆಸರೆ ಕೊಡುವ ಬೂಸ್ಟರಿಗೆ. ಪೈಪು ಸೀಳಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ, ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ನು ತಡವರಿಸುತ್ತದೆ. ವೇಗವಾಗಿ ಹೋಗುವಾಗ ಹೇಗೂ ಬಹಳಷ್ಟು ಗಾಳಿ ಒಳಹೋಗುತ್ತಿರುವುದರಿಂದ ಈ ಸ್ವಲ್ಪ ಸೋರಿಕೆ ಗೊತ್ತಾಗುವುದಿಲ್ಲ.

"ಓಡ್ತಿರುವಾಗ ಕಾಯಿಲೆ ಕಾಣಲ್ಲ ಟೀಚರಮ್ಮ. ನಿಂತಾಗಲೇ ಕಾಣೋದು."

ಅವರು ಪೈಪುಗಳನ್ನು ಒಂದೊಂದಾಗಿ ಬದಲಾಯಿಸಿದರು. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಗೆ ಎಂಬುದು ತಪ್ಪುತ್ತದಂತೆ. ಅಂಟಿಕೊಂಡಿದ್ದ ಹಳೆಯದನ್ನು ಜಗ್ಗದೆ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿದರು. ಜಗ್ಗಿದರೆ ಪ್ಲಾಸ್ಟಿಕ್ ಮೂತಿಯೇ ಮುರಿದು ಬರುತ್ತದೆ. ಸಿಕ್ಕಿದ ನೀರಿನ ಪೈಪು ಹಾಕುವಂತಿಲ್ಲ, ಒಳಗೆ ಬರಿದಾದಾಗ ಅದು ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಬ್ರೇಕಿನ ಪೈಪಿನ ತುದಿಯನ್ನು ಬಗ್ಗಿಸಿ ತೋರಿಸಿದಾಗ ನನ್ನ ಎದೆ ಧಸಕ್ಕೆಂದಿತು. ಹುಣಸೆಬೀಜದಷ್ಟು ಉದ್ದದ ಸೀಳು! ಬ್ರೇಕು ಗಟ್ಟಿಯಾದಾಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. "ಅಡ್ಜಸ್ಟ್ ಆಗಿಬಿಟ್ಟಿತ್ತು" ಎಂದೆ. ಶಾಲೆಯ ದಾರಿಯಲ್ಲಿ ಮಕ್ಕಳು ರಸ್ತೆಯ ಅಂಚಿನಲ್ಲೇ ನಡೆಯುತ್ತಾರೆ.

ಕೆಲಸವೆಲ್ಲ ಮುಗಿದು ಎಂಜಿನ್ನು ಶುರು ಮಾಡಿದರೆ ಅದು ಹುಚ್ಚೆದ್ದಂತೆ ಅರಚಿತು. ಕೆಟ್ಟಿತಲ್ಲಪ್ಪ ಎಂದುಕೊಂಡೆ. ಮೇಸ್ತ್ರಿ ನಕ್ಕರು. "ಈಗ ಸರಿಯಾಗಿದೆ, ಅದಕ್ಕೇ. ಸೋರಿಕೆ ಮುಚ್ಚೋಕೆ ತಿರುಪು ಏರಿಸಿದ್ರಲ್ಲ, ಅದನ್ನ ಇಳಿಸಬೇಕು." ಇಳಿಸಿದರು. ಎಂಜಿನ್ನು ಊಟ ಮಾಡಿ ಮಲಗಿದ ಹಸುವಿನಂತೆ ಶಾಂತವಾಯಿತು. ಪೈಪು, ಕ್ಲಿಪ್ಪು, ಕೂಲಿ ಎಲ್ಲ ಸೇರಿ 650 ರೂಪಾಯಿ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದೇ ವಾರ, ಸಂತೆಯಲ್ಲಿ ಒಬ್ಬಳು ಹೆಣ್ಣುಮಗಳು ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಕಂಕುಳಲ್ಲಿ ಮಗು, ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. 2009ರಲ್ಲಿ ಏಳನೆಯ ತರಗತಿಯಲ್ಲಿ ನನ್ನ ಬಳಿ ಓದಿದವಳು. ಬಾಯಿಪಾಠದಲ್ಲಿ ಚುರುಕು; ಬೋರ್ಡಿನ ಮೇಲಿನದನ್ನು ಬರೆದುಕೊಳ್ಳುವುದರಲ್ಲಿ ಮಾತ್ರ ಹಿಂದೆ. ಬೇರೆ ಮೇಷ್ಟ್ರುಗಳು ಸೋಮಾರಿ ಎಂದು ಬಯ್ಯುತ್ತಿದ್ದರು. ನಾನು ಬಯ್ಯಲಿಲ್ಲ. ಹಿಂದಿನ ಸಾಲಿನಿಂದ ನಡುವಿಗೆ ತಂದು ಕೂರಿಸಿದೆ. ಅದೂ ಸಾಲದಾದಾಗ ಪಕ್ಕದವಳ ನೋಟ್ಸ್ ಕೊಡಿಸಿದೆ. ಪರೀಕ್ಷೆಯಲ್ಲಿ ಕಡಿಮೆ ಬಿದ್ದ ಅಂಕಗಳನ್ನು ಸೇರಿಸಿ ದಾಟಿಸಿದೆ. ಬಡವರ ಮನೆಯ ಹುಡುಗಿ, ಪಾಪ, ಎಂದು ನನ್ನ ಕರುಣೆಗೆ ನಾನೇ ಮೆಚ್ಚಿಕೊಂಡಿದ್ದೆ. ಅವಳು ಒಂಬತ್ತರಲ್ಲಿ ಫೇಲಾಗಿ ಶಾಲೆ ಬಿಟ್ಟಳೆಂದು ಆಮೇಲೆ ಕೇಳಿದೆ.

"ಬಸುರಿ ಇದ್ದಾಗ ಆಸ್ಪತ್ರೇಲಿ ಕಣ್ಣು ನೋಡಿ ಕನ್ನಡಕ ಬರ್ಕೊಟ್ರು ಮಿಸ್" ಅಂದಳು. "ಹಾಕ್ಕೊಂಡು ಆಚೆ ಬಂದ್ರೆ ಮರದಲ್ಲಿ ಎಲೆ ಒಂದೊಂದಾಗಿ ಕಾಣ್ತಿತ್ತು. ಬೋರ್ಡಿನ ಮೇಲಿನ ಅಕ್ಷರ ಬೇರೆಯವರಿಗೆಲ್ಲ ಕಾಣ್ತಿತ್ತು ಅಂತ ನಂಗೆ ಅಲ್ಲೀವರೆಗೂ ಗೊತ್ತೇ ಇರಲಿಲ್ಲ." ಆಮೇಲೆ ನನ್ನ ಕೈ ಹಿಡಿದು, "ನೀವೊಬ್ರೇ ಮಿಸ್ ನನ್ನ ಬಯ್ದೇ ಇದ್ದಿದ್ದು" ಅಂದಳು.

ಆ ಕೃತಜ್ಞತೆಯಷ್ಟು ಭಾರವಾದ ಮಾತನ್ನು ನಾನು ಬೇರೆ ಯಾರಿಂದಲೂ ಕೇಳಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು. ಗೋಡೆಗೆ ಅಕ್ಷರಗಳ ಪಟ ತೂಗುಹಾಕಿ, 6 ಮೀಟರ್ ದೂರ ನಿಲ್ಲಿಸಿ ಓದು ಎಂದಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿದ್ದ ವಿಷಯ. ನಾನು ಮೂರು ಸಲ ತಿರುಪು ತಿರುಗಿಸಿದ್ದೆ, ಪೈಪಿಗೆ ಒಮ್ಮೆಯೂ ಕಿವಿಯಿಟ್ಟಿರಲಿಲ್ಲ.

ಹಾಗಾದರೆ ನನ್ನದು ಕರುಣೆಯೇ, ಅಲ್ಲವೇ? ಇದನ್ನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಗೊತ್ತಿರಲಿಲ್ಲ ಎನ್ನುವುದು ನಿಜ. ಆದರೆ ಗೊತ್ತುಮಾಡಿಕೊಳ್ಳಲು ಹೊರಟೆನೇ? ಇಲ್ಲ. ಬಯ್ದವರು ಅವಳನ್ನು ನೋಡಲಿಲ್ಲ. ಬಯ್ಯದ ನಾನೂ ನೋಡಲಿಲ್ಲ. ಅವರಿಗಾದರೂ ಏನೋ ಸರಿಯಿಲ್ಲ ಎಂಬ ಕಿರಿಕಿರಿಯಿತ್ತು. ನನ್ನ ಒಳ್ಳೆಯತನವು ಆ ಕಿರಿಕಿರಿಯನ್ನೇ ಅಳಿಸಿಹಾಕಿತು. ಸದ್ದು ನಿಂತಿತು, ಸೋರಿಕೆ ನಿಲ್ಲಲಿಲ್ಲ.

ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? ಮಗಳು ತವರಿಗೆ ಬಂದು ಸುಮ್ಮನೆ ಕೂತರೆ "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎನ್ನುತ್ತೇವೆ. ಹೊಂದಿಕೊಂಡರೆ ಸಂಸಾರ ಓಡುತ್ತದೆ ನಿಜ; ಓಡುವಾಗ ಯಾವ ಬಿರುಕೂ ಕಾಣುವುದಿಲ್ಲ. ಹಬ್ಬ, ಬಾಣಂತನ, ಮಕ್ಕಳ ಪರೀಕ್ಷೆ ಎಂದು ಓಡುತ್ತಲೇ ಇರುತ್ತೇವೆ. ಎಂದೋ ಒಂದು ದಿನ ನಿಂತಾಗ ಮೈಯೆಲ್ಲ ನಡುಕ.

ಹಾಗೆಂದು ಹೊಂದಾಣಿಕೆಯೇ ತಪ್ಪು ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಅನುಮಾನ ಬಂದು ಇನ್ನೊಮ್ಮೆ ಹೋದಾಗ ಮೇಸ್ತ್ರಿಯನ್ನು ಕೇಳಿದೆ: "ಆ ಹುಡುಗ ತಿರುಪು ತಿರುಗಿಸಿದ್ದು ತಪ್ಪಾ?" ಅವರು ಕೈ ಒರೆಸಿಕೊಳ್ಳುತ್ತಾ ಅಂದರು: "ದಾರೀಲಿ ನಿಂತೋದ್ರೆ ನಾನೂ ತಿರುಗಿಸ್ತೀನಿ, ಮನೆ ಸೇರಬೇಕಲ್ಲ. ಆದರೆ ಮನೆ ಸೇರಿದ ಮೇಲೆ ಪೈಪು ನೋಡಬೇಕು." ಮನೆ ಸೇರುವವರೆಗಿನ ಕರುಣೆ ಬೇಕೇ ಬೇಕು. ಹುಡುಗಿಯನ್ನು ಮುಂದಕ್ಕೆ ಕೂರಿಸಿದ್ದು ತಪ್ಪಲ್ಲ. ಕೂರಿಸಿ ಮರೆತದ್ದು ತಪ್ಪು. ಇನ್ನೊಂದು ಮಾತು: ಬಿರುಕು ಸರಿಯಾದ ಮೇಲೆ ಏರಿಸಿದ ತಿರುಪನ್ನು ಇಳಿಸುವುದೂ ಇದೆ. ದಶಕಗಳ ಕಾಲ ಎಲ್ಲರಿಗೂ ಒಗ್ಗಿಕೊಂಡ ಹೆಂಗಸು ಒಮ್ಮೆ ನಿಜ ಹೇಳಿದರೆ ಮನೆಮಂದಿಗೆ ಅವಳೇ ಕೆಟ್ಟುಹೋದಂತೆ ಕೇಳಿಸುತ್ತದೆ. ಸ್ವಲ್ಪ ದಿನ ತಾಳಿಕೊಳ್ಳಬೇಕು.

ಈ ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರ, ಪಾಠಕ್ಕೆ ಮುಂಚೆ, ಒಬ್ಬೊಬ್ಬ ಮಗುವನ್ನೂ ಹಿಂದಿನ ಗೋಡೆಗೆ ನಿಲ್ಲಿಸಿ, ಒಂದೊಂದು ಕಣ್ಣು ಮುಚ್ಚಿಸಿ, ಬೋರ್ಡಿನ ಮೇಲೆ ಬರೆದ ಸಾಲನ್ನು ಓದಿಸಿದೆ. ಸಾಲು ಪದೇ ಪದೇ ಬದಲಾಯಿಸಬೇಕಾಯಿತು, ಇಲ್ಲದಿದ್ದರೆ ಬಾಯಿಪಾಠ ಒಪ್ಪಿಸಿಬಿಡುತ್ತಾರೆ. 41 ಮಕ್ಕಳಲ್ಲಿ ಮೂವರು ತಡವರಿಸಿದರು. ಮನೆಯವರನ್ನು ಕರೆಸಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ. ಇಬ್ಬರಿಗೆ ಕನ್ನಡಕ ಬಂತು. ಮೂರನೆಯವನಿಗೆ ಕಣ್ಣು ಚೆನ್ನಾಗಿಯೇ ಇದೆ, ಅವನಿಗೆ ಓದಲು ಬರುವುದಿಲ್ಲ. ಈಗ ದಿನಾ ಸಂಜೆ ಅರ್ಧ ಗಂಟೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಅ'ದಿಂದ ಶುರುಮಾಡಿದ್ದೇನೆ. ಮನೆಗೆ ಬರುವುದು ತಡವಾಗುತ್ತದೆ. ನಮ್ಮವರು ಕಾಫಿ ತಾವೇ ಮಾಡಿಕೊಂಡು ಸ್ವಲ್ಪ ಹೊಂದಿಕೊಳ್ಳುತ್ತಿದ್ದಾರೆ.